ಇಲಿಯಲ್ಲದ ಇಲಿಯ ಇಂಗುಗುಂಡಿಗಳು

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಮನೆಯವರೆಲ್ಲ ಉತ್ತರಾಖಂಡದ ತುಂಗನಾಥಕ್ಕೆ ಹೋಗಿದ್ದೆವು. ದೇವಸ್ಥಾನಕ್ಕೆ ಹತ್ತುವ ದಾರಿಯಲ್ಲಿ ಕಲ್ಲಿನ ಗೋಡೆಯ ಸಂದಿಯಿಂದ ಇಲಿಯಂಥ ಪ್ರಾಣಿಯೊಂದು ಹೊರಗೆ ಬಂತು. ಬಾಲವೇ ಇಲ್ಲ, ಕಿವಿ ದುಂಡಗೆ. ಮಗಳು ಬಿಸ್ಕತ್ತು ಹಾಕಿದಳು. ಜೊತೆಯಲ್ಲಿದ್ದ ಗೆಳೆಯರು, ‘ಇದು ಪಿಕಾ. ಹುಲ್ಲುಗಾವಲು ಹಾಳು ಮಾಡುತ್ತೆ ಅಂತ ಟಿಬೆಟಿನಲ್ಲಿ ಇದಕ್ಕೆ ವಿಷ ಹಾಕ್ತಾರೆ’ ಎಂದರು. ಇದು ನಿಜವೇ? ಅಷ್ಟು ಎತ್ತರದಲ್ಲಿ ಅದು ಚಳಿಗಾಲ ಕಳೆಯುವುದು ಹೇಗೆ? ಅಷ್ಟು ಸಣ್ಣ ಪ್ರಾಣಿಯಿಂದ ಬೆಟ್ಟಕ್ಕೆ ಏನಾದರೂ ಉಪಯೋಗ ಇದೆಯೇ? ನಮ್ಮ ಪಶ್ಚಿಮ ಘಟ್ಟದಲ್ಲಿ ಪಿಕಾ ಇದೆಯೇ? — ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಗೆಳೆಯರು ಹೆಸರು ಸರಿಯಾಗಿಯೇ ಹೇಳಿದ್ದಾರೆ. ವಿಷದ ಮಾತೂ ನಿಜ. ಆದರೆ ‘ಹುಲ್ಲುಗಾವಲು ಹಾಳು ಮಾಡುತ್ತೆ’ ಅನ್ನುವಲ್ಲಿ ಕಥೆ ತಿರುಗುಮುರುಗಾಗಿದೆ. ಅದನ್ನು ಬಿಡಿಸಿ ಹೇಳಲು ಸ್ವಲ್ಪ ಉದ್ದವಾಗಿಯೇ ಬರೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಅದು ಸುಲಭ. ಪಶ್ಚಿಮ ಘಟ್ಟದಲ್ಲಿ ಪಿಕಾ ಇಲ್ಲ. ಮುಳ್ಳಯ್ಯನಗಿರಿಯೇ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಪಿಕಾಕ್ಕೆ ಬೇಕಾದ ಚಳಿ ನಮ್ಮಲ್ಲಿಲ್ಲ. ನಮ್ಮ ಕಡೆ ಅದರ ನೆಂಟ ಅಂತ ಇರುವುದು ಒಂದೇ ಒಂದು, ರಾತ್ರಿ ಕಾರಿನ ದೀಪಕ್ಕೆ ಸಿಕ್ಕಿ ದಿಕ್ಕು ತಪ್ಪಿ ಓಡುವ ಕಾಡುಮೊಲ.

ಹೌದು, ಮೊಲ. ಪಿಕಾ ಇಲಿಯ ಜಾತಿಯಲ್ಲ, ಮೊಲದ ಬಳಗ. ಹಲ್ಲು ನೋಡಿದರೆ ಗೊತ್ತಾಗುತ್ತದೆ. ಇಲಿ, ಹೆಗ್ಗಣ, ಅಳಿಲುಗಳಿಗೆ ಮೇಲಿನ ದವಡೆಯಲ್ಲಿ ಒಂದೇ ಜೊತೆ ಬಾಚಿಹಲ್ಲು. ಮೊಲಕ್ಕೂ ಪಿಕಾಕ್ಕೂ ಆ ಹಲ್ಲುಗಳ ಬೆನ್ನಿಗೇ ಇನ್ನೊಂದು ಜೊತೆ ಪುಟ್ಟ ಹಲ್ಲು ಇರುತ್ತದೆ. ಮೊಲಗಳ ಹಾಗೆ ಪಿಕಾ ಕೂಡ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಮತ್ತೆ ತಿಂದು, ಮೊದಲ ಸಲ ಅರಗದೆ ಉಳಿದ ಸಾರವನ್ನು ಎರಡನೇ ಸಲ ಎಳೆದುಕೊಳ್ಳುತ್ತದೆ. ಕೇಳಲು ಅಸಹ್ಯ. ಆದರೆ ಬರೀ ಹುಲ್ಲಿನ ಮೇಲೆ ಬದುಕುವ ಪುಟ್ಟ ಹೊಟ್ಟೆಗೆ ಬೇರೆ ದಾರಿಯಿಲ್ಲ. ಚೀನೀ ಭಾಷೆಯಲ್ಲಿ ಇದಕ್ಕೆ ‘ಶೂತು’ ಅನ್ನುತ್ತಾರೆ. ಹಾಗೆಂದರೆ ಇಲಿಮೊಲ. ನಮಗೂ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ಜಗತ್ತಿನಲ್ಲಿ ಸುಮಾರು 30 ಜಾತಿಯ ಪಿಕಾಗಳಿವೆ. ಎರಡು ಜಾತಿ ಉತ್ತರ ಅಮೆರಿಕದಲ್ಲಿ, ಉಳಿದವು ಬಹುತೇಕ ಏಷ್ಯಾದಲ್ಲಿ. ತುಂಗನಾಥದ ದಾರಿಯಲ್ಲಿ ನೀವು ನೋಡಿದ್ದು ಹೆಚ್ಚುಕಡಿಮೆ ಖಂಡಿತವಾಗಿ ರಾಯ್ಲ್ ಪಿಕಾ. ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಜಾನ್ ಫೋರ್ಬ್ಸ್ ರಾಯ್ಲ್ ಎಂಬ ಕಂಪನಿ ಕಾಲದ ವೈದ್ಯನ ಹೆಸರು ಅದಕ್ಕೆ ಅಂಟಿಕೊಂಡಿದೆ. ಬೇಸಿಗೆಯಲ್ಲಿ ಅದರ ತಲೆ, ಹೆಗಲು ಇಟ್ಟಿಗೆಯ ಕೆಂಪಿಗೆ ತಿರುಗುತ್ತವೆ. ನಿಮಗೆ ಮೈಬಣ್ಣ ನೆನಪಿದ್ದರೆ ಹೋಲಿಸಿ ನೋಡಿ.

ನಾನು ಮೊದಲ ಸಲ ಅದನ್ನು ನೋಡಿದ್ದೂ ಅದೇ ದಾರಿಯಲ್ಲಿ. ಉಸಿರು ಕಟ್ಟಿ ಒಂದು ಬಂಡೆಗೆ ಒರಗಿದ್ದೆ. ಕಾಲ ಬುಡದಲ್ಲೇ ಎಲೆಯೊಂದು ತಾನಾಗಿಯೇ ನಡೆದುಹೋಯಿತು. ಎರಡು ಕ್ಷಣ ಬೇಕಾಯಿತು, ಎಲೆಯ ಹಿಂದೆ ಒಂದು ಮೂತಿ ಇದೆ ಅಂತ ತಿಳಿಯಲು.

ಈಗ ಚಳಿಗಾಲದ ವಿಚಾರ. ಎತ್ತರದ ಬೆಟ್ಟದ ಸಣ್ಣ ಪ್ರಾಣಿಗಳಿಗೆ ಚಳಿಗಾಲ ಕಳೆಯಲು ಇರುವುದು ಕೆಲವೇ ಉಪಾಯಗಳು. ಒಂದು, ಮಲಗಿಬಿಡುವುದು. ಲಡಾಖಿನಲ್ಲಿ ಕಾಣುವ, ಹಿಮಾಲಯದ ಮಾರ್ಮಟ್ ಎಂಬ ದಪ್ಪಗಿನ ಬಿಲವಾಸಿ ಪ್ರಾಣಿ ಮಾಡುವುದು ಅದನ್ನೇ. ಬೇಸಿಗೆಯಲ್ಲಿ ತಿಂದು ತಿಂದು ಕೊಬ್ಬುತ್ತದೆ. ಚಳಿ ಶುರುವಾಗುತ್ತಲೇ ಇಡೀ ಸಂಸಾರ ಆಳದ ಬಿಲಕ್ಕೆ ಇಳಿದು, ಬಾಯಿಗೆ ಮಣ್ಣು ಮೆತ್ತಿ, ಅರ್ಧ ವರ್ಷಕ್ಕೂ ಜಾಸ್ತಿ ಹೊತ್ತು ನಿದ್ದೆ ಹೊಡೆಯುತ್ತದೆ. ಪಿಕಾ ಹೀಗೆ ಮಲಗುವುದಿಲ್ಲ. ಜನವರಿಯಲ್ಲೂ ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ಅದಕ್ಕೆ ಊಟ ಬೇಕು.

ಅಮೆರಿಕದ ರಾಕಿ ಪರ್ವತದ ಪಿಕಾ ಇದಕ್ಕೆ ಮಾಡುವ ಏರ್ಪಾಡು ನಮ್ಮ ಕಣಗಳನ್ನು ನೆನಪಿಸುತ್ತದೆ. ಬಣವೆ ಒಟ್ಟುತ್ತದೆ! ಬೇಸಿಗೆಯ ಕೊನೆಯಲ್ಲಿ ಹುಲ್ಲು, ಹೂಗಿಡ, ಎಲೆಗಳನ್ನು ಬಾಯಿತುಂಬ ಕಚ್ಚಿ ತಂದು ಬಂಡೆಗಳ ಸಂದಿಯಲ್ಲಿ ಪೇರಿಸುತ್ತದೆ. ದಿನವಿಡೀ ಅದೇ ಕೆಲಸ. ಹೋಗುವುದು, ಕಚ್ಚುವುದು, ಬರುವುದು, ಇಡುವುದು. ಪಕ್ಕದ ಮನೆಯ ಪಿಕಾ ಕದಿಯಲು ಬಂದರೆ ಅಟ್ಟಿಸಿಕೊಂಡು ಹೋಗುವುದು. ಇದರಲ್ಲಿ ಒಂದು ಜಾಣತನವಿದೆ, ನನಗೆ ತುಂಬಾ ಇಷ್ಟವಾದದ್ದು. ಅದು ಕೂಡಿಡುವ ಕೆಲವು ಗಿಡಗಳಲ್ಲಿ ಕಹಿ ಒಗರಿನ ರಾಸಾಯನಿಕಗಳು ಜಾಸ್ತಿ. ಹಸಿಯಾಗಿ ಅವನ್ನು ಅದು ಅಷ್ಟಾಗಿ ತಿನ್ನುವುದಿಲ್ಲ. ಆ ಒಗರಿನಿಂದಾಗಿಯೇ ಬಣವೆ ಬೂಸ್ಟು ಹಿಡಿಯದೆ ಉಳಿಯುತ್ತದೆ. ತಿಂಗಳುಗಳು ಕಳೆದಂತೆ ಒಗರು ಇಳಿಯುತ್ತದೆ. ಚಳಿಗಾಲದ ನಡುವೆ ಅದೇ ಗಿಡ ತಿನ್ನಲು ಹದವಾಗಿರುತ್ತದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟ ಹಾಗೆಯೇ, ಅಲ್ವಾ?

ಬಣವೆ ಒಟ್ಟುವುದರಲ್ಲಿ ಎಲ್ಲ ಪಿಕಾಗಳೂ ಇಷ್ಟು ಶಿಸ್ತಿನವಲ್ಲ. ಟಿಬೆಟ್ ಪ್ರಸ್ಥಭೂಮಿಯ ಬಯಲು ಪಿಕಾದ ವಿಷಯದಲ್ಲಿ ವಿಜ್ಞಾನಿಗಳಿಗೆ ಬಹಳ ಕಾಲ ಒಂದು ಒಗಟಿತ್ತು. ಅಲ್ಲಿ ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುತ್ತದೆ. ಹುಲ್ಲು ಒಣಗಿ ಕರಕಲಾಗಿರುತ್ತದೆ. ಆದರೂ ಈ ಪ್ರಾಣಿ ನಿದ್ದೆಗೂ ಹೋಗುವುದಿಲ್ಲ, ಬೆಚ್ಚಗಿನ ಕಡೆಗೂ ಹೋಗುವುದಿಲ್ಲ. 2021ರಲ್ಲಿ ಜಾನ್ ಸ್ಪೀಕ್‌ಮನ್ ಮತ್ತು ಚೀನಾದ ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿತು. ಚಳಿಗಾಲದಲ್ಲಿ ಬಯಲು ಪಿಕಾ ತನ್ನ ದಿನದ ಖರ್ಚನ್ನೇ ಸುಮಾರು ಶೇ. 30ರಷ್ಟು ಇಳಿಸಿಬಿಡುತ್ತದೆ. ಓಡಾಟ ಕಡಿಮೆ, ಮೈಬಿಸಿಯೂ ಸ್ವಲ್ಪ ಕಡಿಮೆ. ಅದರ ಮೇಲೆ ಯಾಕ್ ಸಗಣಿ ತಿನ್ನುತ್ತದೆ. ಯಾಕ್ ಆಗಲೇ ಅರ್ಧ ಅರಗಿಸಿ ಹಾಕಿರುವುದರಿಂದ ಅದು ಸುಲಭದ ಊಟ. ಹುಡುಕಿಕೊಂಡು ದೂರ ಹೋಗುವ ಕಷ್ಟವೂ ಇಲ್ಲ. ಯಾಕ್ ಮತ್ತು ಪಿಕಾ ಒಂದೇ ಹುಲ್ಲಿಗೆ ಹೊಡೆದಾಡುವ ದಾಯಾದಿಗಳು ಅಂತ ಎಲ್ಲರೂ ತಿಳಿದಿದ್ದರು. ಚಳಿಗಾಲದಲ್ಲಿ ನೋಡಿದರೆ ಒಂದರ ಹಟ್ಟಿ ಇನ್ನೊಂದರ ಅಡಿಗೆಮನೆ.

ಕಲ್ಲುರಾಶಿಯಲ್ಲಿ ಇರುವ ಪಿಕಾಗಳಿಗೆ ಹಿಮವೇ ಕಂಬಳಿ. ದಪ್ಪ ಹಿಮದ ಕೆಳಗೆ ಬಂಡೆಗಳ ನಡುವೆ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೊರಗೆ ಎಷ್ಟೇ ಕೊರೆಯಲಿ. ಹಾಗಾಗಿ ಹಿಮ ಕಡಿಮೆ ಬಿದ್ದ ವರ್ಷ ಪಿಕಾಕ್ಕೆ ಚಳಿ ಜಾಸ್ತಿ. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಚಳಿಗೆ ಸಾಯುವುದು ಅಂದರೆ ವಿಚಿತ್ರ ಅನ್ನಿಸುತ್ತದೆ. ಆದರೆ ಹೊದಿಕೆ ಕಿತ್ತುಕೊಂಡರೆ ಆಗುವುದು ಅದೇ.

ಸೆಕೆಯೂ ಅಷ್ಟೇ ಅಪಾಯ. ಮೈತುಂಬ ದಟ್ಟ ತುಪ್ಪಳ, ಒಳಗೆ 40 ಡಿಗ್ರಿಯ ಆಸುಪಾಸಿನ ಮೈಬಿಸಿ. ಅದರ ಮೇಲೆ ಎರಡು ಮೂರು ಡಿಗ್ರಿ ಏರಿದರೂ ಜೀವ ಹೋಗುತ್ತದೆ. ಅಮೆರಿಕದ ಪಿಕಾವನ್ನು 25 ಡಿಗ್ರಿ ಮೀರಿದ ಬಿಸಿಲಿನಲ್ಲಿ, ನೆರಳಿಗೆ ಹೋಗಲು ಬಿಡದೆ ಕೆಲವು ಗಂಟೆ ಇರಿಸಿದರೆ ಸಾಯುತ್ತದೆ ಅಂತ 1970ರ ದಶಕದಲ್ಲೇ ತಿಳಿದಿತ್ತು. 25 ಡಿಗ್ರಿ ಅಂದರೆ ನಮಗೆ ಹಿತವಾದ ಬೆಳಗು! ಬಂಡೆ ಸಂದಿಯ ತಂಪೇ ಅದನ್ನು ಕಾಪಾಡುವುದು. ಮಧ್ಯಾಹ್ನ ಪಿಕಾ ಕಾಣದಿರುವುದಕ್ಕೆ ಕಾರಣ ಇದು. ಅಮೆರಿಕದ ಗ್ರೇಟ್ ಬೇಸಿನ್ ಒಣನಾಡಿನ ಬೆಟ್ಟಗಳಲ್ಲಿ ಹಿಂದೆ ದಾಖಲಾಗಿದ್ದ 25 ನೆಲೆಗಳ ಪೈಕಿ 2008ರ ಹೊತ್ತಿಗೆ 10ರಲ್ಲಿ ಪಿಕಾ ಇರಲಿಲ್ಲ. ಹಾಗಂತ ಎಲ್ಲ ಕಡೆ ಮುಗಿದೇ ಹೋಯಿತು ಅನ್ನಲಾಗದು. ಒರೆಗಾನ್ ಕಡೆ ಕೊಲಂಬಿಯಾ ನದಿಯ ಕಣಿವೆಯಲ್ಲಿ, ಹತ್ತಿರ ಹತ್ತಿರ ಸಮುದ್ರಮಟ್ಟದಲ್ಲೇ, ಪಾಚಿ ತಿಂದುಕೊಂಡು ಪಿಕಾಗಳು ಆರಾಮಾಗಿವೆ. ಅಲ್ಲಿನ ಕಲ್ಲುರಾಶಿಯ ಮೇಲೆ ಪಾಚಿಯ ಮೆತ್ತೆ ಇದೆ, ಅದರಡಿ ಸದಾ ತಂಪು. ಪ್ರಾಣಿ ನೋಡುವುದು ತನ್ನ ಸಂದಿಯ ಹವೆಯನ್ನು. ಪೇಪರಿನಲ್ಲಿ ಬರುವ ಉಷ್ಣಾಂಶ ಅದಕ್ಕೆ ಲೆಕ್ಕಕ್ಕಿಲ್ಲ.

ಎತ್ತರದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹಿಮಾಲಯದ ಇನ್ನೊಂದು ಜಾತಿ ಅಗಲಕಿವಿಯ ಪಿಕಾ. 6,100 ಮೀಟರಿಗಿಂತ ಮೇಲೂ ಅದು ಕಂಡ ದಾಖಲೆ ಇದೆ. 1921ರ ಎವರೆಸ್ಟ್ ತಂಡದಲ್ಲಿ ವೈದ್ಯನೂ ಪ್ರಕೃತಿ ಶೋಧಕನೂ ಆಗಿದ್ದ ಅಲೆಕ್ಸಾಂಡರ್ ವೊಲ್ಲಾಸ್ಟನ್ ಅಲ್ಲಿಂದ ಪಿಕಾಗಳನ್ನು ಸಂಗ್ರಹಿಸಿ ತಂದಿದ್ದ. ಬಹಳ ಕಾಲ ಅತಿ ಎತ್ತರದ ಸಸ್ತನಿ ಅನ್ನುವ ಪಟ್ಟ ಈ ಪಿಕಾದ್ದೇ. 2020ರಲ್ಲಿ ಆಂಡಿಸ್ ಪರ್ವತದ ಒಂದು ಜ್ವಾಲಾಮುಖಿಯ ತುದಿಯಲ್ಲಿ, 6,739 ಮೀಟರ್ ಎತ್ತರದಲ್ಲಿ, ಇಲಿಯೊಂದು ಸಿಕ್ಕಿ ಆ ಪಟ್ಟ ಕೈತಪ್ಪಿತು. ಅದು ನಿಜವಾದ ಇಲಿಯೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇವುಗಳಿಂದ ಬೆಟ್ಟಕ್ಕೆ ಏನಾಗುತ್ತದೆ?

ಇಲ್ಲಿ ಎರಡು ಬಗೆಯ ಪಿಕಾಗಳನ್ನು ಬೇರೆ ಮಾಡಿ ನೋಡಬೇಕು. ನೀವು ನೋಡಿದ ರಾಯ್ಲ್ ಪಿಕಾ ಕಲ್ಲಿನ ಪಿಕಾ. ಸಂದಿಯಲ್ಲಿ ವಾಸ, ಮರಿ ಕಡಿಮೆ, ಸಂಖ್ಯೆಯೂ ಕಡಿಮೆ. ಅದು ನೆಲ ಅಗೆಯುವ ಪೈಕಿಯಲ್ಲ. ಅದರ ಹಿಕ್ಕೆ ಬಿದ್ದ ಕಡೆ ಬಂಡೆಗಳ ನಡುವಿನ ಚಿಟಿಕೆ ಮಣ್ಣು ಫಲವತ್ತಾಗುತ್ತದೆ. ಮುಂಗುಸಿಯಂತೆ ಕಾಣುವ ಹಳದಿ ಕೊರಳಿನ ಮಾರ್ಟನ್ ಮತ್ತು ವೀಸಲ್, ನರಿ, ಹದ್ದುಗಳಿಗೆ ಅದು ಊಟ. ಇದೆಲ್ಲ ದೊಡ್ಡ ಕೆಲಸವೇ. ಆದರೆ ಭೂಮಿಯ ಮುಖವನ್ನೇ ಬದಲಿಸುವ ಕೆಲಸ ಮಾಡುವುದು ಇದರ ಸೋದರ, ಟಿಬೆಟಿನ ಬಯಲು ಪಿಕಾ. ಭಾರತದಲ್ಲಿ ಅದು ಉತ್ತರ ಸಿಕ್ಕಿಮಿನ ಎತ್ತರದ ಬಯಲಿನಲ್ಲಿದೆ. ತೂಕ ಒಂದೂವರೆ ನೂರು ಗ್ರಾಮಿನ ಆಜುಬಾಜು. ಬೇಸಿಗೆಯಲ್ಲಿ ಮೇಲಿಂದ ಮೇಲೆ ಮರಿ ಹಾಕುತ್ತದೆ. ಒಳ್ಳೆಯ ವರ್ಷದಲ್ಲಿ ಒಂದು ಹೆಕ್ಟೇರಿಗೆ ನೂರಕ್ಕೂ ಹೆಚ್ಚು ಪಿಕಾ ಇರಬಹುದು. ಬಯಲಿನ ತುಂಬ ತೂತೇ ತೂತು.

ಆ ತೂತುಗಳಲ್ಲೇ ಇರುವುದು ಸ್ವಾರಸ್ಯ.

ಟಿಬೆಟಿನ ಹುಲ್ಲುಗಾವಲು ನಮ್ಮ ಬ್ಯಾಣದ ಹಾಗಲ್ಲ. ಬಹಳ ಕಡೆ ಜೇಕಿನ ಜಾತಿಯ ಗಿಡ್ಡ ಹುಲ್ಲು, ಅದರ ಬೇರುಗಳು ಹೆಣೆದುಕೊಂಡು ನೆಲದ ಮೇಲೆ ದಪ್ಪ ಚಾಪೆಯಾಗಿರುತ್ತದೆ. ಅಲ್ಲಿ ಬೀಳುವ ಮಳೆಯಲ್ಲಿ ಬಹುಪಾಲು ಬೇಸಿಗೆಯ ಕೆಲವೇ ತಿಂಗಳಲ್ಲಿ ಬೀಳುತ್ತದೆ. ಚಾಪೆಯ ಮೇಲೆ ನೀರು ಸುರಿದರೆ ಏನಾಗುತ್ತದೆ? ಜಾರಿ ಹೋಗುತ್ತದೆ. ಪಿಕಾದ ಬಿಲ ಇರುವ ಕಡೆ ನೀರು ಒಳಗೆ ಇಳಿಯುತ್ತದೆ. ನಮ್ಮೂರುಗಳಲ್ಲಿ ಗುಡ್ಡದ ಇಳಿಜಾರಿಗೆ ಇಂಗುಗುಂಡಿ ತೋಡುತ್ತಾರಲ್ಲ, ಬಾವಿಗೆ ನೀರು ಬರಲಿ ಅಂತ? ಪಿಕಾ ಅದೇ ಕೆಲಸವನ್ನು ಕೂಲಿ ಇಲ್ಲದೆ ಮಾಡುತ್ತಾ ಬಂದಿದೆ. ಇದು ಬರೀ ಊಹೆಯಲ್ಲ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ವಿಲ್ಸನ್ ಮತ್ತು ಆಂಡ್ರ್ಯೂ ಸ್ಮಿತ್ ಪಿಕಾ ಇರುವ ಜಾಗ, ವಿಷ ಹಾಕಿ ಪಿಕಾ ತೆಗೆದ ಜಾಗ, ಎರಡರಲ್ಲೂ ನೀರು ಇಂಗುವ ವೇಗವನ್ನು ಅಳೆದರು. ಪಿಕಾ ಇರುವಲ್ಲಿ ನೀರು ಬೇಗ ಇಂಗುತ್ತಿತ್ತು. ತೆಗೆದಲ್ಲಿ ನಿಧಾನ. ಬಿಲ ಕುಸಿದು ಮುಚ್ಚಿಹೋದ ಮೇಲೆ ನೀರಿಗೆ ದಾರಿ ಎಲ್ಲಿ?

ಈ ಪ್ರಸ್ಥಭೂಮಿಯಿಂದ ಯಾವ್ಯಾವ ನದಿಗಳು ಹೊರಡುತ್ತವೆ ಅಂತ ನೆನಪಿಸಿಕೊಳ್ಳಿ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ, ಮೆಕಾಂಗ್, ಯಾಂಗ್‌ಟ್ಸಿ, ಹಳದಿ ನದಿ. ಈ ನದಿಗಳ ಪ್ರವಾಹಕ್ಕೂ ಪಿಕಾ ಬಿಲಕ್ಕೂ ನೇರ ಗಂಟು ಹಾಕಿಬಿಡುವಷ್ಟು ಧೈರ್ಯ ನನಗಿಲ್ಲ. ಅಷ್ಟು ದೊಡ್ಡ ಮಾತು ಆಡಬಾರದು ಕೂಡ. ಆದರೆ ನದಿಯ ತವರಿನಲ್ಲಿ ನೀರು ಇಂಗಬೇಕೋ ಹರಿದುಹೋಗಬೇಕೋ ಅನ್ನುವ ತೀರ್ಮಾನದಲ್ಲಿ ಇಷ್ಟು ಸಣ್ಣ ಪ್ರಾಣಿಗೂ ಒಂದು ವೋಟು ಇದೆ ಅನ್ನುವುದನ್ನು ಮರೆಯಬೇಡಿ.

ಬಿಲ ನೀರಿಗೆ ಮಾತ್ರ ಅಲ್ಲ. ಮರವೇ ಇಲ್ಲದ ನಾಡಿನಲ್ಲಿ ಹಕ್ಕಿ ಗೂಡು ಕಟ್ಟುವುದೆಲ್ಲಿ? ಸ್ನೋಫಿಂಚ್ ಅನ್ನುವ ಹಿಮಗುಬ್ಬಿಗಳು ಪಿಕಾ ಬಿಟ್ಟ ಬಿಲಗಳಲ್ಲಿ ಮೊಟ್ಟೆಯಿಡುತ್ತವೆ. ಹಲ್ಲಿಗಳು ಚಳಿಯಿಂದ ತಪ್ಪಿಸಿಕೊಳ್ಳಲು ಅಲ್ಲೇ ನುಗ್ಗುತ್ತವೆ. ಅಗೆದು ಹೊರಹಾಕಿದ ಸಡಿಲ ಮಣ್ಣಿನಲ್ಲಿ ಚಾಪೆಯ ಹುಲ್ಲು ಜಾಗ ಬಿಟ್ಟುಕೊಡದ ಬೇರೆ ಬೇರೆ ಹೂಗಿಡಗಳು ಮೊಳೆಯುತ್ತವೆ. ಹಿಮಾಚಲದ ಸ್ಪಿತಿ ಕಣಿವೆಯಲ್ಲೂ ಪಿಕಾ ಮತ್ತು ವೋಲ್ ಎಂಬ ಕಾಡಿಲಿಗಳು ಅಗೆಯುವ ಜಾಗಗಳ ಮೇಲೆ ಒಂದು ಅಧ್ಯಯನ ನಡೆದು 2006ರಲ್ಲಿ ಪ್ರಕಟವಾಯಿತು. ಅಲ್ಲಿನ ಕುರುಬರೂ ಇವುಗಳನ್ನು ದನದ ಮೇವಿಗೆ ಪಾಲು ಕೇಳುವ ಕಳ್ಳರು ಅಂತಲೇ ನೋಡುತ್ತಿದ್ದರು. ಆದರೆ ಹದವಾಗಿ ಅಗೆದ ಕಡೆ ಗಿಡಗಳ ಬಗೆ ಹೆಚ್ಚಾಗಿದ್ದವು. ಅದನ್ನು ನಡೆಸಿದವರಲ್ಲಿ ಒಬ್ಬರಾದ ಸುಮಂತ ಬಾಗ್ಚಿ ಈಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದ್ದಾರೆ.

ಇನ್ನು ತಿನ್ನುವವರ ಸಾಲು. ಟಿಬೆಟಿನ ನರಿಗೆ ಬಹುಪಾಲು ಊಟ ಪಿಕಾವೇ. ಪಲ್ಲಾಸ್ ಬೆಕ್ಕು ಎಂಬ ಕಾಡುಬೆಕ್ಕು, ವೀಸಲ್‌ನ ನೆಂಟ ಪೋಲ್‌ಕ್ಯಾಟ್, ಸೇಕರ್ ಡೇಗೆ, ಅಪ್‌ಲ್ಯಾಂಡ್ ಬಜಾರ್ಡ್ ಅನ್ನುವ ಗಿಡುಗ, ಎಲ್ಲ ಇದನ್ನೇ ನೆಚ್ಚಿಕೊಂಡಿವೆ. ಅಷ್ಟು ದೊಡ್ಡ ಕಂದು ಕರಡಿಯೂ ಪಿಕಾಕ್ಕಾಗಿ ನೆಲ ಬಗೆಯುತ್ತದೆ. ಕರಡಿ ಅಗೆಯುವಾಗ ಟಿಬೆಟಿನ ನರಿ ಸುಮ್ನೆ ಪಕ್ಕದಲ್ಲಿ ನಿಂತು ಕಾಯುತ್ತದೆ. ಇನ್ನೊಂದು ತೂತಿನಿಂದ ತಪ್ಪಿಸಿಕೊಂಡು ಓಡುವ ಪಿಕಾ ನರಿಯ ಪಾಲು. ಗದ್ದೆ ಉಳುವಾಗ ನೇಗಿಲ ಹಿಂದೆ ಬೆಳ್ಳಕ್ಕಿ ನಡೆಯುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು.

ಇಷ್ಟೆಲ್ಲ ಆಧರಿಸಿಕೊಂಡಿರುವ ಪ್ರಾಣಿಗೆ ವಿಷ ಹಾಕಿದರು. 1950ರ ದಶಕದ ಕೊನೆಯಲ್ಲಿ ಶುರುವಾಯಿತು. ಚೀನಾದಲ್ಲಿ ತಟ್ಟೆ ಬಡಿದು ಬಡಿದು, ಕೂರಲು ಬಿಡದೆ ಗುಬ್ಬಚ್ಚಿಗಳನ್ನು ಕೊಂದ ಕಾಲವೂ ಅದೇ. ಚಿಂಗ್‌ಹಾಯ್ ಪ್ರಾಂತ್ಯವೊಂದರಲ್ಲೇ 1960ರಿಂದ 1990ರ ನಡುವೆ ಎರಡು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಜಾಗಕ್ಕೆ ವಿಷ ಹಾಕಿದರು. ಕರ್ನಾಟಕದ ಇಡೀ ವಿಸ್ತೀರ್ಣಕ್ಕಿಂತ ಜಾಸ್ತಿ! ಮೊದಲು ಜಿಂಕ್ ಫಾಸ್ಫೈಡ್. ಅದೇ, ನಮ್ಮ ರೈತರು ಗದ್ದೆಯ ಬದುವಿಗೆ ಇಡುವ ಇಲಿ ಪಾಷಾಣ. ಆಮೇಲೆ ಬೇರೆ ಬೇರೆ ವಿಷ.

ಕಾರಣ ಏನೆಂದರೆ, ಟಿಬೆಟಿನ ಹುಲ್ಲುಗಾವಲಿನ ಎಷ್ಟೋ ಕಡೆ ಹುಲ್ಲಿನ ಚಾಪೆ ಕಿತ್ತುಹೋಗಿ ಕಪ್ಪು ಮಣ್ಣು ಬಾಯಿಬಿಟ್ಟಿತ್ತು. ಅಂಥ ಬಯಲಿಗೆ ಹೋಗಿ ನೋಡಿದರೆ ಎಲ್ಲೆಲ್ಲೂ ಪಿಕಾ. ಹಾಗಿದ್ದರೆ ಪಿಕಾವೇ ಹಾಳು ಮಾಡಿರಬೇಕು ಅಂತ ತೀರ್ಮಾನ ಆಯಿತು. ನೋಡಿದ್ದು ಸುಳ್ಳಲ್ಲ, ಮುಂದಿನದು ಹಿಂದೆ ಆಯಿತು ಅಷ್ಟೆ. ಬಯಲು ಪಿಕಾಕ್ಕೆ ಎತ್ತರದ ಹುಲ್ಲು ಕಂಡರೆ ಆಗದು. ಹುಲ್ಲು ಎತ್ತರ ಬೆಳೆದರೆ ನರಿ ಬರುವುದು ಕಾಣುವುದಿಲ್ಲ. ಯಾಕ್, ಕುರಿಗಳು ಮಿತಿಮೀರಿ ಮೇಯ್ದು ಹುಲ್ಲು ಗಿಡ್ಡವಾದ ಕಡೆ ಅದಕ್ಕೆ ಹಬ್ಬ. ಅಲ್ಲಿಗೆ ಬಂದು ಸೇರುತ್ತದೆ, ಮರಿ ಹಾಕುತ್ತದೆ. ಮನೆ ಸೋರಿ ಗೋಡೆ ಒದ್ದೆಯಾದ ಮೇಲೆ ಗೆದ್ದಲು ಬರುತ್ತದೆ. ಗೆದ್ದಲಿಗೆ ಔಷಧಿ ಹೊಡೆದು ಹೆಂಚು ಸರಿಮಾಡದೆ ಕೂತರೆ ಏನು ಬಂತು? ಪಿಕಾ ವಿಪರೀತ ಹೆಚ್ಚಿದಾಗ ಆಗಲೇ ಸೊರಗಿದ ಹುಲ್ಲಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ಆದರೆ ಮೊದಲ ಏಟು ಯಾರದು ಅನ್ನುವುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ವಿಷದಿಂದ ಏನಾಯಿತು ಅನ್ನುವುದೂ ನಮ್ಮ ಅಡಿಕೆ ತೋಟದವರಿಗೆ ಅಪರಿಚಿತ ಕಥೆಯಲ್ಲ. ಪಿಕಾ ಬೇಗ ಮರಿ ಹಾಕುವ ಪ್ರಾಣಿ. ಒಂದೆರಡು ಬೇಸಿಗೆಯಲ್ಲಿ ಮೊದಲಿನಷ್ಟೇ ಆಗಿಬಿಡುತ್ತದೆ. ಅದನ್ನು ತಿನ್ನುವ ಗಿಡುಗ, ನರಿ, ಬೆಕ್ಕುಗಳು ಅಷ್ಟು ಬೇಗ ತಿರುಗಿ ಬರುವುದಿಲ್ಲ. ವಿಷ ಹಾಕಿದ ಕಡೆ ಹಕ್ಕಿಗಳು ಕಡಿಮೆಯಾದದ್ದನ್ನೂ ಅಳೆದಿದ್ದಾರೆ. ಕಾವಲುಗಾರರನ್ನು ಓಡಿಸಿದ ಮೇಲೆ ಮತ್ತೆ ವಿಷ, ಮತ್ತೆ ಪಿಕಾ. ಚಿಕ್ಕವನಿದ್ದಾಗ ನಮ್ಮ ತೋಟದಲ್ಲೂ ಒಂದು ವರ್ಷ ಪಾಷಾಣ ಇಟ್ಟಿದ್ದರು. ಗೂಬೆಯೊಂದು ತೋಟದ ಕಾಲುವೆಯಲ್ಲಿ ಸತ್ತು ಬಿದ್ದಿತ್ತು. ಹೆಗ್ಗಣಗಳು ಮರುವರ್ಷ ಹಾಜರ್.

ಮಾರ್ಮಟ್ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಹಿಮಾಲಯಕ್ಕೆ ಹೋಗಿಬಂದವರು ಪಿಕಾಕ್ಕಿಂತ ಅದನ್ನೇ ಹೆಚ್ಚು ನೋಡಿರುತ್ತಾರೆ. ಪ್ಯಾಂಗಾಂಗ್ ಸರೋವರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಬೆಕ್ಕಿಗಿಂತ ದಪ್ಪಗಿನ ಕಂದು ಪ್ರಾಣಿ, ಅದು. ಇದು ಅಳಿಲಿನ ಬಳಗ. ಆಳದ ಮಣ್ಣನ್ನು ಬುಟ್ಟಿಗಟ್ಟಲೆ ಮೇಲೆ ತರುತ್ತದೆ. ಬಿಲ ತೋಡಲು ಬಾರದ ಪಲ್ಲಾಸ್ ಬೆಕ್ಕಿಗೆ ಮಾರ್ಮಟ್ಟಿನ ಹಳೆಯ ಬಿಲವೇ ಬಾಣಂತಿ ಮನೆ. ಬೇಸಿಗೆಯಲ್ಲಿ ಹಿಮಚಿರತೆಗೆ ಸುಲಭದ ಬೇಟೆ ಕೂಡ.

ಇದರ ಮಣ್ಣು ಅಗೆಯುವ ಚಟದ ಸುತ್ತ ಒಂದು ಸೊಗಸಾದ ಊಹೆ ಇದೆ. ಮಹಾಭಾರತದ ಸಭಾಪರ್ವದಲ್ಲಿ, ಧರ್ಮರಾಯನ ರಾಜಸೂಯಕ್ಕೆ ಉತ್ತರದ ಬೆಟ್ಟದ ಜನ ‘ಪಿಪೀಲಿಕ’ ಎಂಬ ಚಿನ್ನ ತಂದು ಒಪ್ಪಿಸುತ್ತಾರೆ. ಇರುವೆಗಳು ಅಗೆದು ತೆಗೆದ ಚಿನ್ನ ಅಂತ. ಗ್ರೀಕರ ಹೆರೊಡೋಟಸನೂ ನರಿಗಿಂತ ದೊಡ್ಡ, ಚಿನ್ನ ಅಗೆಯುವ ಇರುವೆಗಳ ಕಥೆ ಬರೆದಿದ್ದಾನೆ. ಮಿಶೆಲ್ ಪೆಸೆಲ್ ಎಂಬ ಫ್ರೆಂಚ್ ಸಂಚಾರಿ, ಆ ‘ಇರುವೆ’ ಮಾರ್ಮಟ್ಟೇ ಅಂದ. ಗಿಲ್ಗಿಟ್-ಬಾಲ್ಟಿಸ್ತಾನದ ದೇವಸಾಯಿ ಬಯಲಿನಲ್ಲಿ ಮಾರ್ಮಟ್ಟುಗಳು ಹೊರಹಾಕುವ ಮಣ್ಣಿನಲ್ಲಿ ಚಿನ್ನದ ಪುಡಿ ಇರುತ್ತದೆ, ಹಿಂದೆ ತಮ್ಮ ಜನ ಅದನ್ನು ಆಯುತ್ತಿದ್ದರು ಅಂತ ಅಲ್ಲಿನವರಿಂದ ಕೇಳಿದ್ದನ್ನು 1996ರ ಸುಮಾರಿಗೆ ಪ್ರಚಾರಕ್ಕೆ ತಂದ. ಎಲ್ಲರೂ ಒಪ್ಪಿದ ಮಾತಲ್ಲ ಇದು. ನನಗಂತೂ ನಂಬಲು ಇಷ್ಟ.

ಭಾರತದಲ್ಲಿ ಯಾವ್ಯಾವ ಪಿಕಾ ಇವೆ ಅನ್ನುವುದೇ ಇನ್ನೂ ಪೂರ್ತಿ ತಿಳಿದಿಲ್ಲ ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ಇದರಲ್ಲಿ ನಮ್ಮೂರಿನ ಪಾಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ಜೊತೆ ಕೆಲಸ ಮಾಡುತ್ತಿದ್ದ ನಿಷ್ಮಾ ದಹಾಲ್ ಸಿಕ್ಕಿಮಿನ ಬೆಟ್ಟಗಳಲ್ಲಿ ಪಿಕಾದ ಹಿಕ್ಕೆ ಹೆಕ್ಕಿ ತಂದರು. ಪ್ರಾಣಿಯನ್ನು ಹಿಡಿಯದೆ, ಆ ಒಣ ಕಾಳುಗಳಿಂದಲೇ ಡಿಎನ್‌ಎ ತೆಗೆದು ಹೋಲಿಸಿದರು. ಆವರೆಗೆ ಮೌಪಿನ್ ಪಿಕಾದ ಒಂದು ಉಪಜಾತಿ ಅಂತ ಬರೆದುಕೊಂಡಿದ್ದ ಪ್ರಾಣಿ ಬೇರೆಯೇ ಜಾತಿ ಅಂತ ತಿಳಿಯಿತು. 2016ರಲ್ಲಿ ಅದಕ್ಕೆ ಸಿಕ್ಕಿಂ ಪಿಕಾ ಅಂತ ಹೆಸರಾಯಿತು. ನೋಡಲು ಹಳೆಯದರ ಹಾಗೇ ಇದೆ, ಕಣ್ಣಿಗೆ ಬೇರೆ ಅನ್ನಿಸುವುದಿಲ್ಲ. ಹುಲಿ, ಆನೆ ಎಣಿಸುವ ನಾಡಿನಲ್ಲಿ ಹಿಕ್ಕೆ ಎಣಿಸುವವರ ಸುದ್ದಿ ಒಂದು ದಿನ ಪೇಪರಿನಲ್ಲಿ ಬಂದು ಹೋಯಿತು.

ಬಿಸ್ಕತ್ತಿನ ವಿಚಾರ ನೀವು ಪ್ರಶ್ನೆಯಾಗಿ ಕೇಳಿಲ್ಲ. ಆದರೂ ಹೇಳುತ್ತೇನೆ, ಮಗಳನ್ನು ಬೈಯಬೇಡಿ. ಒಂದು ಬಿಸ್ಕತ್ತಿನಿಂದ ಪಿಕಾ ಸಾಯುವುದಿಲ್ಲ. ತೊಂದರೆ ಇರುವುದು ದಿನಾ ನೂರು ಜನ ಒಂದೊಂದು ಹಾಕುವುದರಲ್ಲಿ. ಅದರ ಹೊಟ್ಟೆ ಒಣಹುಲ್ಲನ್ನು ನಿಧಾನ ಅರಗಿಸಲು ಆದದ್ದು, ಸಕ್ಕರೆ ಮೈದಾಕ್ಕಲ್ಲ. ಬಿಸ್ಕತ್ತಿನ ಚೂರಿಗೆ ನಾಯಿ, ಕಾಗೆಗಳೂ ಬರುತ್ತವೆ. ಅವಕ್ಕೆ ಪಿಕಾ ಕೂಡ ತಿಂಡಿಯೇ. ಮಾರ್ಮಟ್ಟಿನ ವಿಷಯದಲ್ಲಂತೂ ಕೈಯಿಂದ ತಿನ್ನಿಸುವುದು, ಮುಟ್ಟುವುದು ಖಂಡಿತ ಬೇಡ. ಟಿಬೆಟ್ ಪ್ರಸ್ಥಭೂಮಿಯ ಮಾರ್ಮಟ್ಟುಗಳ ನಡುವೆ ಪ್ಲೇಗು ಇನ್ನೂ ಸುಳಿದಾಡುತ್ತಿದೆ. 2009ರಲ್ಲಿ ಚಿಂಗ್‌ಹಾಯ್ ಪ್ರಾಂತ್ಯದ ಒಂದು ಸಣ್ಣ ಊರನ್ನು ಪ್ಲೇಗು ಬಂದಿತೆಂದು ಕಾವಲು ಹಾಕಿ ಮುಚ್ಚಿದ್ದರು. ಪ್ಯಾಂಗಾಂಗ್ ದಾರಿಯಲ್ಲಿ ಹೆದರಿ ಓಡಬೇಕಾಗಿಲ್ಲ, ದೂರ ನಿಂತು ನೋಡಿದರೆ ಸಾಕು.

ಮತ್ತೆ ತುಂಗನಾಥಕ್ಕೆ ಹೋದರೆ ಬೆಳಿಗ್ಗೆ ಬೇಗ ಹೊರಡಿ, ಇಲ್ಲವೇ ಸಂಜೆ ಇಳಿಯುವಾಗ ನೋಡಿ. ಕಲ್ಲಿನ ಗೋಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತುಕೊಳ್ಳಿ. ಸಂದಿಯ ಬಾಯಲ್ಲಿ ಕಾಳುಮೆಣಸಿಗಿಂತ ಚಿಕ್ಕದಾದ ದುಂಡನೆಯ ಹಿಕ್ಕೆಗಳು ಗುಂಪಾಗಿ ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ ಅಂತ. ಹತ್ತು ನಿಮಿಷ ಮಾತಾಡದೆ ಇರಲು ನಿಮ್ಮ ಮಗಳಿಗೆ ಸಾಧ್ಯವಾದರೆ, ಮೊದಲು ಕಾಣುವುದು ಕಿವಿ.